ಕಡಲಡಿಯ ಮಂಗಳೂರು ಹೆಂಚು

ರಾಜ್ಯೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನವೆಂದೊಡನೆ ವಾಚಕರು ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ವೈಭವವನ್ನು ನಿರೀಕ್ಷಿಸುವುದು ಸಹಜವೇ. ಪಂಚವಟಿಯಲ್ಲಿ ಗೋದಾವರಿಯ ದಂಡೆಯ ಮೇಲೆ ನೆಲೆಸಿರುವ ನಮಗಂತೂ ಆ ವೈಭವದ ನೆನಪು ಬಹಳ ಹತ್ತಿರದ್ದು. ಕವಿರಾಜಮಾರ್ಗವು ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೆಸರಿಸಿದ್ದು ಇದೇ ಹೊಳೆಯನ್ನು. ಎಲ್ಲೋರದಲ್ಲಿ ಕೈಲಾಸನಾಥನ ಗುಡಿಯನ್ನು ಬೆಟ್ಟದಿಂದ ಬಿಡಿಸಿ ತೆಗೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಆದರೆ ಅರಸರ ಚರಿತ್ರೆ ಒಂದು, ಅನ್ನವನ್ನು ಅರಸಿ ಊರು ಬಿಟ್ಟವರ ಚರಿತ್ರೆ ಇನ್ನೊಂದು. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರು. ನಮ್ಮ ಹಿರಿಯರು ಇಲ್ಲಿಗೆ ದಂಡೆತ್ತಿ ಬಂದವರಲ್ಲ; ಹೊಟೇಲು, ರೈಲ್ವೆ, ಛಾಪಖಾನೆ, ಬ್ಯಾಂಕು, ಕಾರ್ಖಾನೆಗಳ ಕೆಲಸ ಹುಡುಕಿಕೊಂಡು ಪೆಟ್ಟಿಗೆ ಹಿಡಿದು ಬಂದವರು.

ಈ ಎರಡನೆಯ ಚರಿತ್ರೆಗೆ ಶಿಲಾಶಾಸನವಿಲ್ಲ, ತಾಮ್ರಪಟವಿಲ್ಲ. ಆದರೆ ಮಣ್ಣಿನ ಶಾಸನವೊಂದುಂಟು. ಅದು ಸಿಕ್ಕಿದ್ದು ಗುಡಿಯಲ್ಲೂ ಅಲ್ಲ, ಕೋಟೆಯಲ್ಲೂ ಅಲ್ಲ. ಗೋವೆಯ ಸಮೀಪ ಅರಬ್ಬೀ ಸಮುದ್ರದ ತಳದಲ್ಲಿ, ಮುಳುಗಿದ ಹಡಗೊಂದರ ಸರಕಿನ ನಡುವೆ. ಅದರ ವೃತ್ತಾಂತವನ್ನು ಸಂಘದ ಬಾಂಧವರ ಮುಂದೆ ಇಡಬೇಕೆಂಬುದೇ ಈ ಬರಹದ ಉದ್ದೇಶ.

ಗೋವೆಯ ಕರಾವಳಿಯಾಚೆ ಸೇಂಟ್ ಜಾರ್ಜ್ ಎಂಬ ಹೆಸರಿನ ಕಡಲಬಂಡೆಗಳ ಸಾಲೊಂದಿದೆ. ನೀರಿನಡಿಯಲ್ಲಿ ಅವಿತಿರುವ ಇಂಥ ಬಂಡೆಗಳೇ ಹಾಯಿ ಹಡಗುಗಳ ಕಾಲದಲ್ಲಿ ನಾವಿಕರಿಗೆ ಯಮಸ್ವರೂಪವಾಗಿದ್ದವು. ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿದ್ವಾಂಸರು ಅಲ್ಲಿ ಮುಳುಗಿ ಶೋಧನೆ ನಡೆಸಿದರು. ಸಿಲಾ ತ್ರಿಪಾಠಿ ಮತ್ತು ಅವರ ಸಂಗಡಿಗರು ಆ ಶೋಧನೆಯ ವರದಿಯನ್ನು 2003ರಲ್ಲಿ ನೌಕಾ ಪುರಾತತ್ತ್ವದ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಮುದ್ರದ ತಳದಲ್ಲಿ ಅವರಿಗೆ ದೊರೆತದ್ದು ಚಿನ್ನದ ನಾಣ್ಯಗಳಲ್ಲ, ರತ್ನದ ಪೆಟ್ಟಿಗೆಗಳಲ್ಲ. ಮಾಡಿಗೆ ಹೊದಿಸುವ ಹೆಂಚು, ಮಾಡಿನ ನೆತ್ತಿಯ ಮೇಲೆ ಕೂರಿಸುವ ಹೆಂಚು, ಅದರ ತುದಿಗಿಡುವ ಮಣ್ಣಿನ ಕಲಶ, ನೆಲಕ್ಕೆ ಹಾಸುವ ಹೆಂಚು, ಹೊಗೆಗೂಡಿನ ಇಟ್ಟಿಗೆ, ಗ್ರೀಕರ ಕಾರಿಂಥಿಯನ್ ಶೈಲಿಯಲ್ಲಿ ಎಲೆಬಳ್ಳಿ ಮೂಡಿಸಿದ ಕಂಬದ ಬೋದಿಗೆಗಳು, ಒಂದರ ಮೇಲೊಂದಿಟ್ಟು ಕಂಬವನ್ನು ಎಬ್ಬಿಸುವ ದುಂಡನೆಯ ದಿಂಡುಗಳು—ಇವೆಲ್ಲವೂ ಸುಟ್ಟ ಮಣ್ಣಿನವು. ಇಟ್ಟಿಗೆಯ ಮೇಲೆ ಒತ್ತಿದ್ದ ಅಕ್ಷರಗಳನ್ನು ಓದಿದಾಗ ಅವು ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯವೆಂದು ಗೊತ್ತಾಯಿತು. ಜತೆಗೆ 1865 ಎಂಬ ಇಸವಿ.

ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ಕರಾವಳಿಯ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಸೆಲ್ ಮಿಷನ್ನಿನವರು ಮೊತ್ತಮೊದಲ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ್ದು 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಟ್ಟಿಗೆಯ ಮೇಲೆ 1865 ಎಂದಿದ್ದ ಮಾತ್ರಕ್ಕೆ ಹಡಗು ಅದೇ ವರ್ಷ ಮುಳುಗಿತೆಂದು ಹೇಳಲಾಗದು. ಅಂಗಡಿಯ ಬಿಲ್ಲಿನ ನೆತ್ತಿಯ ಮೇಲೆ ಅಂಗಡಿ ಸ್ಥಾಪನೆಯಾದ ವರ್ಷವನ್ನು ಅಚ್ಚು ಹಾಕಿಸಿರುತ್ತಾರೆ. ಬ್ಯಾಂಕಿನ ಗುಮಾಸ್ತನು ಅದನ್ನೇ ಬಿಲ್ಲಿನ ತಾರೀಖೆಂದು ಲೆಕ್ಕಕ್ಕೆ ಬರೆದರೆ ಗತಿಯೇನು? ಕಾರ್ಖಾನೆ ಹುಟ್ಟುವ ಮೊದಲು ಅದರ ಸರಕು ಹಡಗೇರಲಾರದು. ಆದುದರಿಂದ ಹಡಗು ಮುಳುಗಿದ್ದು 1865ರ ನಂತರವೆಂಬುದು ಮಾತ್ರ ನಿಶ್ಚಿತ. ವಿದ್ವಾಂಸರೂ ಅಷ್ಟನ್ನೇ ಹೇಳಿರುವರು. ಅದಲ್ಲದೆ ಸುಟ್ಟ ಮಣ್ಣಿನ ವಯಸ್ಸನ್ನು ಅಳೆಯುವ ಇನ್ನೊಂದು ವಿಧಾನವನ್ನೂ ಅವರು ಬಳಸಿದರು. ಮಣ್ಣನ್ನು ಆವಿಗೆಯಲ್ಲಿ ಸುಟ್ಟಾಗ ಅದರಲ್ಲಿರುವ ಹರಳುಗಳ ಹಳೆಯ ಶಕ್ತಿಯೆಲ್ಲ ಖಾಲಿಯಾಗಿ ಲೆಕ್ಕ ಸೊನ್ನೆಯಿಂದ ಆರಂಭವಾಗುತ್ತದೆ. ಆ ದಿನದಿಂದ ಸುತ್ತಲಿನ ನಿಸರ್ಗದ ವಿಕಿರಣದಿಂದ ವರ್ಷ ವರ್ಷವೂ ಇಷ್ಟಿಷ್ಟೇ ಶಕ್ತಿ ಬಡ್ಡಿಯಂತೆ ಕೂಡುತ್ತ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಮತ್ತೆ ಕಾಸಿದಾಗ ಆ ಶಕ್ತಿ ಮಂದವಾದ ಬೆಳಕಾಗಿ ಹೊರಬೀಳುವುದು. ಬೆಳಕು ಎಷ್ಟೆಂಬುದರಿಂದ ವರ್ಷಗಳು ಎಷ್ಟೆಂದು ಗುಣಿಸುತ್ತಾರೆ. ಮುದ್ರೆಯ ಸಾಕ್ಷ್ಯಕ್ಕೂ ಬೆಳಕಿನ ಸಾಕ್ಷ್ಯಕ್ಕೂ ತಾಳೆಯಾದುದರಿಂದಲೇ ಇವು ಬಾಸೆಲ್ ಮಿಷನ್ನಿನ ಸರಕೆಂದು ಅವರು ನಿರ್ಧರಿಸಿದರು.

ನಮ್ಮ ದೇಶದಲ್ಲಿ ವಿದ್ವಾಂಸರು ಹೀಗೆ ಕಡಲಿಗಿಳಿದು ಚರಿತ್ರೆಯನ್ನು ಹುಡುಕುವ ಪರಿಪಾಠಕ್ಕೆ ತಳಹದಿ ಹಾಕಿದವರು ಒಬ್ಬ ಕನ್ನಡಿಗರೆಂಬುದನ್ನು ಇಲ್ಲಿ ಹೆಮ್ಮೆಯಿಂದ ಸ್ಮರಿಸಬೇಕು. ಶಿಕಾರಿಪುರ ರಂಗನಾಥ ರಾಯರು 1922ರಲ್ಲಿ ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಜನಿಸಿದವರು. ಗುಜರಾತಿನ ಲೋಥಲ್‌ನಲ್ಲಿ ಸಿಂಧೂ ಸಂಸ್ಕೃತಿಯ ಪಟ್ಟಣವನ್ನು ಅಗೆದು ತೆಗೆದು, ಅಲ್ಲಿಯ ಇಟ್ಟಿಗೆಯ ದೊಡ್ಡ ಕೊಳವನ್ನು ಹಡಗುಕಟ್ಟೆಯೆಂದು ಪ್ರತಿಪಾದಿಸಿದವರು ಅವರೇ. ಪುರಾತತ್ತ್ವ ಇಲಾಖೆಯಿಂದ ನಿವೃತ್ತರಾದ ಮೇಲೆ ವಿಶ್ರಾಂತಿ ಪಡೆಯದೆ, 1981ರಲ್ಲಿ ಗೋವೆಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವದ ವಿಭಾಗವನ್ನು ಕಟ್ಟಿದರು. ದ್ವಾರಕೆಯ ಕಡಲಿನಲ್ಲಿ ಶೋಧನೆ ನಡೆಸಿದರು. 2013ರಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. ಮಲೆನಾಡಿನಲ್ಲಿ ಹುಟ್ಟಿದವರು ಹಾಕಿಕೊಟ್ಟ ಹಾದಿಯಲ್ಲಿ ನಡೆದವರು ಕರಾವಳಿಯ ಹೆಂಚನ್ನು ಕಂಡುಹಿಡಿದರೆಂಬುದು ಎಂಥ ಸೊಗಸಾದ ಸಂಯೋಗ!

ಗೋವೆಯ ಕಡಲಿನಲ್ಲಿ ಇದೊಂದೇ ಹಡಗು ಮುಳುಗಿದ್ದಲ್ಲ. ಸುಂಚಿ ಎಂಬ ಬಂಡೆಯ ಬಳಿ ಹದಿನೇಳನೆಯ ಶತಮಾನದ ಆರಂಭದ ಪೋರ್ಚುಗೀಸ್ ಹಡಗೊಂದರ ಅವಶೇಷಗಳು ದೊರೆತಿವೆ. ಅದರಲ್ಲಿ ತೋಪುಗಳಿದ್ದವು, ಚೀನಾದ ಪಿಂಗಾಣಿಯ ಚೂರುಗಳಿದ್ದವು, ಆನೆಯ ದಂತವೂ ನೀರಾನೆಯ ಹಲ್ಲುಗಳೂ ಇದ್ದವು. ಶ್ರೀಮಂತರ ಮನೆಯನ್ನು ಅಲಂಕರಿಸುವ ಸರಕದು. ಸೇಂಟ್ ಜಾರ್ಜ್ ಬಂಡೆಯ ಸರಕಾದರೋ ಜನಸಾಮಾನ್ಯರ ತಲೆಯ ಮೇಲಿನ ಸೂರು. ಎರಡು ಹಡಗುಗಳ ನಡುವೆ ಇರುವುದು ಕೇವಲ ಇನ್ನೂರೈವತ್ತು ವರ್ಷಗಳಷ್ಟು ಅಂತರವಲ್ಲ, ವ್ಯಾಪಾರದ ಸ್ವರೂಪವೇ ಬದಲಾದ ಅಂತರ.

ನೀರಿನೊಳಗೆ ಇಳಿಯುವುದೆಂದರೆ ಬಾವಿಯಲ್ಲಿ ಈಜಿದಂತಲ್ಲ. ಪ್ರತಿ ಹತ್ತು ಮೀಟರು ಕೆಳಗಿಳಿದಂತೆಲ್ಲ ನಮ್ಮ ಮೇಲಿನ ಗಾಳಿಯ ಭಾರದಷ್ಟೇ ಇನ್ನೊಂದು ಭಾರ ಮೈಮೇಲೆ ಬೀಳುವುದು. ಹಿಂದಿನ ಮುತ್ತಿನ ಮುಳುಗುಗಾರರು ಉಸಿರು ಕಟ್ಟಿಕೊಂಡೇ ಇಳಿದು ಏಳುತ್ತಿದ್ದರು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾಗ್ನಾನ್ ಎಂಬವರು ಬೆನ್ನಿಗೆ ಕಟ್ಟಿಕೊಂಡ ಉರುಳೆಯಿಂದ ಬೇಕಾದಷ್ಟೇ ಗಾಳಿಯನ್ನು ಬೇಕಾದ ಒತ್ತಡದಲ್ಲಿ ಒದಗಿಸುವ ಸಲಕರಣೆಯನ್ನು ರೂಪಿಸಿದ ಮೇಲೆ, ವಿದ್ವಾಂಸನು ಸ್ವತಃ ತಳಕ್ಕಿಳಿದು ಅಳತೆ ಮಾಡಿ ನಕ್ಷೆ ಬರೆಯುವುದು ಸಾಧ್ಯವಾಯಿತು. ಆದರೂ ಅವಸರದಿಂದ ಮೇಲೇರುವಂತಿಲ್ಲ. ಏರಿದರೆ ರಕ್ತದಲ್ಲಿ ಕರಗಿದ ಸಾರಜನಕವು ಗುಳ್ಳೆಗಳಾಗಿ ಪ್ರಾಣಕ್ಕೇ ಅಪಾಯ. ನಮ್ಮ ಪಶ್ಚಿಮದ ಕಡಲಿನಲ್ಲಂತೂ ಮಳೆಗಾಲದ ತಿಂಗಳುಗಳಲ್ಲಿ ನೀರು ಕದಡಿ, ಅಲೆಗಳು ಬಂಡೆಗೆ ಅಪ್ಪಳಿಸುವುದರಿಂದ ಇಳಿಯುವ ಮಾತೇ ಇಲ್ಲ.

ಅಲ್ಲಿ ಇಳಿದವರ ಕಣ್ಣಿಗೆ ಹಡಗು ಹಡಗಾಗಿ ಕಾಣಿಸುವುದೆಂದು ಭಾವಿಸಬಾರದು. ಬೆಚ್ಚನೆಯ ಉಪ್ಪುನೀರಿನಲ್ಲಿ ಮರಕ್ಕೆ ದೊಡ್ಡ ಶತ್ರುವೊಂದಿದೆ. ಜನ ಅದನ್ನು ಹುಳವೆನ್ನುತ್ತಾರೆ. ನಿಜವಾಗಿ ಅದು ಸಿಂಪಿಯ ಜಾತಿಗೆ ಸೇರಿದ ಮೃದ್ವಂಗಿ. ಎರಡು ಪುಟ್ಟ ಚಿಪ್ಪುಗಳನ್ನೇ ಬೈರಿಗೆ ಮಾಡಿಕೊಂಡು ಮರವನ್ನು ಒಳಗಿಂದೊಳಗೇ ಕೊರೆದು ತಿಂದುಬಿಡುತ್ತದೆ. ಮರಳು ಅಥವಾ ಕೆಸರಿನಡಿ ಹೂತುಹೋದ ಭಾಗ ಉಳಿದರೆ ಉಳಿದೀತು. ತೆರೆದ ಬಂಡೆಯ ಮೇಲೆ ಬಿದ್ದ ಮರ ಉಳಿಯುವುದು ದುರ್ಲಭ. ಹಾಯಿ ಕೊಳೆಯುವುದು, ಹಗ್ಗ ಕೊಳೆಯುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು. ಚೆನ್ನಾಗಿ ಬೆಂದ ಮಣ್ಣು ಮಾತ್ರ ಯಾವುದಕ್ಕೂ ಜಗ್ಗದೆ ಕೂರುವುದು. ಆವಿಗೆಯ ಬೆಂಕಿಯನ್ನು ಉಂಡುಬಂದದ್ದನ್ನು ಕಡಲು ಏನು ಮಾಡೀತು?

ಮಾಡುವುದಿಷ್ಟೇ: ಅದನ್ನು ತನ್ನ ಮಕ್ಕಳಿಗೆ ಮನೆ ಮಾಡಿಕೊಡುವುದು. ಕಡಲಿನಲ್ಲಿ ಗಟ್ಟಿಯಾದ ನೆಲೆಗೆ ಬಹಳ ಬೇಡಿಕೆ. ಬರಿಯ ಮರಳಿನ ಮೇಲೆ ಬೇರೂರಲಾಗದ ಜೀವಿಗಳು ಅಲ್ಲಿ ಎಷ್ಟೋ. ಹೊಸದಾಗಿ ಬಿದ್ದ ವಸ್ತುವಿನ ಮೇಲೆ ಮೊದಲು ಕಣ್ಣಿಗೆ ಕಾಣದ ಜೀವಾಣುಗಳ ಲೋಳೆ ಹರಡುವುದು. ಅದರ ಮೇಲೆ ಸುಣ್ಣದ ಗೂಡು ಕಟ್ಟುವ ಪುಟ್ಟ ಬಾರ್ನಕಲ್‌ಗಳು, ಕೊಳವೆ ಹುಳುಗಳು, ಸಿಂಪಿಗಳು ಅಂಟಿಕೊಳ್ಳುವುವು. ಬಳಿಕ ಸ್ಪಂಜುಗಳು, ಬೀಸಣಿಗೆಯಂತೆ ಹರಡಿದ ಮೆತುಹವಳಗಳು, ಬೆಳಕು ಸಾಕಷ್ಟು ಸಿಗುವಲ್ಲಿ ಗಟ್ಟಿ ಹವಳಗಳು. ಸಂದಿಗೊಂದಿಗಳಲ್ಲಿ ಏಡಿ, ಹಾವಿನಂಥ ಮೀನು, ಎಂಟು ತೋಳಿನ ಆಕ್ಟೋಪಸ್; ಹವಳವನ್ನು ಕೊಕ್ಕಿನಂಥ ಬಾಯಿಂದ ಕೆರೆದು ಮೇಯುವ ಗಿಳಿಮೀನು; ಮರಳಿನಲ್ಲಿ ಮೈ ಹೂತು ಮಲಗುವ ತೊರಕೆ; ಇವರೆಲ್ಲರ ಮೇಲೆ ಕಣ್ಣಿಟ್ಟು ಬಂಡೆಯ ಬಾಗಿಲಲ್ಲಿ ಕಾಯುವ ದೊಡ್ಡ ಬಾಯಿಯ ಮೀನುಗಳು. ಗೋವೆಯ ಗ್ರಾಂಡೆ ದ್ವೀಪದ ಸುತ್ತ, ನಮ್ಮ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರು ಕಾಣುವುದು ಇಂಥ ಸಂಸಾರವನ್ನೇ.

ವಿಚಿತ್ರವೆಂದರೆ, ಹವಳದ ಮರಿಗಳು ವರ್ಷಕ್ಕೆ ಎಷ್ಟು ಬಂದು ನೆಲೆಗೊಳ್ಳುತ್ತವೆಂದು ಎಣಿಸಲು ಇಂದಿನ ವಿಜ್ಞಾನಿಗಳು ಲೋಕದ ನಾನಾ ಕಡಲುಗಳಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಬೇಕೆಂದೇ ಇಳಿಬಿಡುತ್ತಾರೆ. ಅದರ ಉರುಟಾದ ಮೈ ಮರಿಗಳಿಗೆ ಒಗ್ಗುತ್ತದೆ. ಹಾಗಾದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೂ ಬಯಸದೆಯೇ ಆ ಪ್ರಯೋಗ ಸೇಂಟ್ ಜಾರ್ಜ್ ಬಂಡೆಯ ಬಳಿ ಆರಂಭವಾಯಿತೆನ್ನಬೇಕು. ಮನುಷ್ಯರ ಮನೆಗೆ ಮಾಡಾಗಬೇಕೆಂದು ಹೊರಟದ್ದು ಕಡಲ ಜೀವಿಗಳ ಮನೆಗೆ ನೆಲಗಟ್ಟಾಯಿತು.

ಇನ್ನು ಹೆಂಚಿನ ಹುಟ್ಟನ್ನು ನೋಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಪ್ರಚಾರವೇ ಅವರ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಮತಾಂತರ ಹೊಂದಿದವರು ಜಾತಿಯಿಂದಲೂ ಕುಲಕಸುಬಿನಿಂದಲೂ ಹೊರಬಿದ್ದು ಹೊಟ್ಟೆಪಾಡಿಗೆ ಕಷ್ಟಪಡುವುದನ್ನು ಕಂಡು ಮಿಷನ್ನಿನವರು ನೇಯ್ಗೆ, ಮುದ್ರಣ, ಹೆಂಚು ಮೊದಲಾದ ಉದ್ಯಮಗಳನ್ನು ತೆರೆದರು. 1843ರಲ್ಲಿ ಹೆರ್ಮನ್ ಮೋಗ್ಲಿಂಗರು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ವೃತ್ತಪತ್ರಿಕೆ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಅಕ್ಷರವನ್ನು ಅಚ್ಚಿಗೆ ಹಾಕಿದ ಸಂಸ್ಥೆಯೇ ಮಣ್ಣನ್ನೂ ಅಚ್ಚಿಗೆ ಹಾಕಿತು.

ಹೆಂಚಿನ ಕಾರ್ಖಾನೆಯನ್ನು ಕಟ್ಟಿದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಇಬ್ಬರು ಕೆಲಸಗಾರರು, ಒಂದು ಜೊತೆ ಎತ್ತು, ದಿನಕ್ಕೆ 560 ಹೆಂಚು—ಇಷ್ಟರಿಂದ ಕೆಲಸ ಆರಂಭವಾಯಿತೆಂದು ಹೇಳುತ್ತಾರೆ. ಅದಕ್ಕೆ ಮೊದಲು ಕರಾವಳಿಯ ಬಹುಪಾಲು ಮನೆಗಳಿಗೆ ಮುಳಿಹುಲ್ಲು ಇಲ್ಲವೆ ತೆಂಗಿನ ಗರಿಯ ಮಾಡು. ವರ್ಷ ವರ್ಷ ಹೊದಿಸಬೇಕು, ಬೇಸಗೆಯಲ್ಲಿ ಬೆಂಕಿಯ ಭಯ. ಕುಂಬಾರರು ಮಾಡುತ್ತಿದ್ದ ನಾಡಹೆಂಚು ಸಣ್ಣದು. ಮಂಗ ಹಾರಿದರೆ ಸರಿದು ಸೋರುತ್ತಿತ್ತು. ಹೊಸ ಹೆಂಚಿನ ಜಾಣತನವಿದ್ದುದು ಅದರ ಅಂಚಿನಲ್ಲಿ. ಒಂದರ ತೋಡಿನಲ್ಲಿ ಇನ್ನೊಂದರ ಏಣು ಸರಿಯಾಗಿ ಕೂತು, ಪಕ್ಕದವರು ಕೈಕೈ ಹಿಡಿದು ನಿಂತಂತೆ ಬಿಗಿಯಾಗುತ್ತಿತ್ತು. ಕಡಿಮೆ ಹೆಂಚಿನಲ್ಲಿ ಹೆಚ್ಚು ಮಾಡು ಮುಚ್ಚುತ್ತಿತ್ತು. ಆದುದರಿಂದ ಮಾಡಿನ ಮೇಲೆ ಭಾರವೂ ಕಡಿಮೆ. ಬೇಡಿಕೆ ಏರಿತು. ಕುದ್ರೋಳಿ, ಮಲ್ಪೆ, ಕೋಝಿಕೋಡ್, ಪಾಲಕ್ಕಾಡ್, ಫೆರೋಕ್‌ಗಳಲ್ಲೂ ಮಿಷನ್ನಿನ ಕಾರ್ಖಾನೆಗಳೆದ್ದವು. ಸ್ಥಳೀಯರೂ ಕಾರ್ಖಾನೆ ಹಾಕಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಕಡೆಗೆ ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಮಾಲಿಕರು ಬದಲಾದರೂ ಜನರ ಬಾಯಲ್ಲಿ ಹೆಂಚಿನ ಹೆಸರು ಬದಲಾಗಲಿಲ್ಲ. ಅದು ಮಂಗಳೂರು ಹೆಂಚಾಗಿಯೇ ಉಳಿಯಿತು.

ಅಷ್ಟೊಂದು ಹೆಂಚು ಹೊರಗೆ ಹೋಗುತ್ತಿದ್ದುದು ಹೇಗೆ? ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ; ಕರಾವಳಿಯುದ್ದಕ್ಕೂ ಮುಂಬಯಿಗೆ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅಲ್ಲಿಯತನಕ ಭಾರದ ಸರಕಿಗೆ ಕಡಲೇ ಹೆದ್ದಾರಿ, ಮಂಜಿ ಪತ್ತೆಮಾರಿಗಳೇ ಲಾರಿ. ಶ್ರಾವಣದ ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲು ಕಾಯಿ ಅರ್ಪಿಸಿ, ಗಾಳಿಮಳೆ ತಗ್ಗಿದ ಮೇಲೆ ಹಾಯಿ ಬಿಚ್ಚುವುದು ವಾಡಿಕೆ. ಮಹಾರಾಷ್ಟ್ರದ ಕೋಳಿಗಳು ಇದೇ ದಿನ ನಾರಳಿ ಪೌರ್ಣಿಮೆಯನ್ನು ಆಚರಿಸುವುದನ್ನು ನಾವು ಬಲ್ಲೆವು. ದಡ ಬೇರೆ, ಭಾಷೆ ಬೇರೆ. ಕಡಲ ಮುಂದೆ ಜೋಡಿಸಿದ ಕೈಗಳು ಒಂದೇ.

ಮುಂಬಯಿಯಲ್ಲಿ ಇಳಿದ ಸರಕು ಘಟ್ಟ ಹತ್ತಿ ಒಳನಾಡಿಗೆ ಬರಲು ಇನ್ನೊಂದು ಅನುಕೂಲ ಒದಗಿತ್ತು. ಕಸಾರಾದಿಂದ ಇಗತಪುರಿಗೆ ಏರುವ ಥಳ್ ಘಾಟಿನ ರೈಲುದಾರಿ ತೆರೆದದ್ದೂ 1865ರಲ್ಲೇ! ನೇತ್ರಾವತಿಯ ದಂಡೆಯ ಮಣ್ಣು ಗೋದಾವರಿಯ ದಂಡೆಗೆ ಬರಲು ಬೇಕಾದ ಎರಡು ಬಾಗಿಲುಗಳು ಒಂದೇ ವರ್ಷ ತೆರೆದವು. ನಾಶಿಕ ಪ್ರಾಂತದ ಮರಾಠಿ ನೆರೆಹೊರೆಯವರು ಇಂದಿಗೂ ಈ ಹೆಂಚನ್ನು ‘ಮಂಗಳೂರಿ ಕೌಲ’ ಎಂದೇ ಕರೆಯುತ್ತಾರೆ. ಮಂಗಳೂರೆಲ್ಲಿದೆಯೆಂದು ತಿಳಿಯದವರ ಬಾಯಲ್ಲೂ ಮಂಗಳೂರಿದೆ. ನಮ್ಮ ಬೀದಿಯ ಹಳೆಯ ವಾಡೆಯೊಂದನ್ನು ಕೆಡವಿದಾಗ ರಾಶಿ ಹಾಕಿದ್ದ ಹೆಂಚುಗಳನ್ನು ನಾವು ಮಗುಚಿ ನೋಡಿದೆವು. ಬೆನ್ನ ಮೇಲೆ ಮಂಗಳೂರಿನ ಹೆಸರಿತ್ತು. ಸಂಜೆಯೊಳಗೆ ಅವೆಲ್ಲ ಚೂರಾಗಿ ಗುಂಡಿ ತುಂಬಲು ಲಾರಿ ಹತ್ತಿದವು. ಕಡಲು ಒಂದೂಕಾಲು ಶತಮಾನಕ್ಕೂ ಮಿಗಿಲಾಗಿ ಕಾಪಾಡಿದ್ದನ್ನು ಊರು ಅರ್ಧ ದಿನದಲ್ಲಿ ಮುಗಿಸುವುದೆಂದು ಆಗ ಅನ್ನಿಸಿತು.

ಹೆಂಚು ಬಂದ ದಾರಿಯಲ್ಲೇ ಜನರೂ ಬಂದರು. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ಅಜ್ಜಂದಿರು ಮುಂಬಯಿಗೆ ಬಂದದ್ದು ಆಗಬೋಟಿನಲ್ಲಿ. ಕಡಲಯಾನವೆಂದರೆ ಸುಖದ ಮಾತಾಗಿರಲಿಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಿಗೆ ಹೊರಟ ‘ರಾಮದಾಸ್’ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಜಲಸಮಾಧಿಯಾದದ್ದನ್ನು ಕೊಂಕಣದ ಹಳ್ಳಿಗಳು ಮರೆತಿಲ್ಲ. ಸೇಂಟ್ ಜಾರ್ಜ್ ಬಂಡೆಗೆ ಬಡಿದ ಹಡಗಿನಲ್ಲಿಯೂ ತಂಡೇಲನಿದ್ದನು, ಖಲಾಸಿಗಳಿದ್ದರು. ಅವರಲ್ಲಿ ಯಾರು ಈಜಿ ದಡ ಸೇರಿದರು, ಯಾರ ಮನೆಯ ದೀಪ ಆರಿತು? ಇಟ್ಟಿಗೆಯ ಮೇಲೆ ಮಾಲಿಕರ ಹೆಸರಿದೆ. ಮಣ್ಣನ್ನು ತುಳಿದವರ, ಅಚ್ಚು ಒತ್ತಿದವರ, ಆವಿಗೆಗೆ ಸೌದೆ ಒಟ್ಟಿದವರ, ಹೊತ್ತು ಮಂಜಿಗೆ ತುಂಬಿದ ಹೆಣ್ಣಾಳು ಗಂಡಾಳುಗಳ ಹೆಸರು ಎಲ್ಲಿಯೂ ಇಲ್ಲ. ಸರಕಿಗೆ ಮುದ್ರೆಯುಂಟು, ದುಡಿಮೆಗೆ ಮುದ್ರೆಯಿಲ್ಲ.

ಈಗ ಒಂದು ಪ್ರಶ್ನೆ ಏಳುವುದು. ಕಡಲ ತಳದಲ್ಲಿರುವುದನ್ನೆಲ್ಲ ಮೇಲೆತ್ತಿ ವಸ್ತುಸಂಗ್ರಹಾಲಯಕ್ಕೆ ತರಬಾರದೇಕೆ? ವಿನೋದಕ್ಕಾಗಿ ಮುಳುಗುವವರು ನೆನಪಿಗೆಂದು ಒಂದೊಂದು ಚೂರು ಒಯ್ದರೆ ತಪ್ಪೇನು? ನಮ್ಮ ದೇಶದ 1972ರ ಪ್ರಾಚ್ಯವಸ್ತುಗಳ ಕಾನೂನು ಸಾಮಾನ್ಯವಾಗಿ ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಪ್ರಾಚ್ಯವಸ್ತುಗಳೆಂದು ಪರಿಗಣಿಸುತ್ತದೆ. ನೀರಿನಡಿಯ ಪರಂಪರೆಯನ್ನು ಕುರಿತ 2001ರ ಯುನೆಸ್ಕೋ ಒಪ್ಪಂದವು, ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಯೋಚಿಸಬೇಕೆಂದು ವಿಧಿಸಿತು. ಅದರಲ್ಲಿ ವಿವೇಕವಿದೆ. ಯಾವ ವಸ್ತು ಎಲ್ಲಿ, ಯಾವುದರ ಪಕ್ಕದಲ್ಲಿ, ಯಾವ ದಿಕ್ಕಿಗೆ ಬಿದ್ದಿದೆ ಎಂಬುದರಿಂದಲೇ ಹಡಗಿನ ಕಥೆ ತಿಳಿಯಬೇಕು. ಲೆಡ್ಜರಿನಿಂದ ಒಂದು ಹಾಳೆ ಕಿತ್ತೊಯ್ದವನಿಗೆ ಹಾಳೆಯೊಂದೇ ಲಾಭ, ಲೆಕ್ಕವೆಲ್ಲ ಕೆಟ್ಟುಹೋಗುವುದು. ಮೇಲಾಗಿ, ಉಪ್ಪುನೀರನ್ನು ಕುಡಿದ ಹೆಂಚನ್ನು ಹಾಗೆಯೇ ಒಣಗಿಸಿದರೆ ಒಳಗಿನ ಉಪ್ಪು ಹರಳುಗಟ್ಟಿ ಮೈಯ ಹೊಪ್ಪಳೆ ಏಳುವುದು; ಸಿಹಿನೀರಿನಲ್ಲಿ ಬಹುಕಾಲ ನೆನೆಸಿ ಉಪ್ಪನ್ನು ತೆಗೆಯಬೇಕು. ಅದರ ಮೇಲೆ ಬೆಳೆದ ಹವಳವಾದರೋ ಮೇಲೆ ಬಂದೊಡನೆ ಸಾಯುವುದು.

ಕನ್ನಡಿಗರಾದ ನಾವು ಇದರಿಂದ ಕಲಿಯಬೇಕಾದ್ದೇನು? ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ‘ಇಲ್ಲಿ ನಮ್ಮದೇನಿದೆ?’ ಎಂದು ಕೇಳುವುದುಂಟು. ಎಲ್ಲೋರವನ್ನು ತೋರಿಸಿ ಹೆಮ್ಮೆಪಡಿಸುವುದು ಸುಲಭ. ಆದರೆ ಎಲ್ಲೋರ ನಮ್ಮ ಬೆವರಿನಿಂದ ಆದದ್ದಲ್ಲ. ನೆರೆಯವರ ಹಳೆಯ ಮನೆಯ ಮಾಡನ್ನು ತೋರಿಸಿ, ‘ಇದು ನೇತ್ರಾವತಿಯ ಮಣ್ಣು, ಬಡವರು ಕಲಸಿದ್ದು, ಕಡಲು ದಾಟಿ ಬಂದದ್ದು, ಒಂದೂವರೆ ನೂರು ವರ್ಷಗಳಿಂದ ಇತರರನ್ನು ಮಳೆಯಿಂದ ಕಾಯುವುದೇ ಇದರ ಕೆಲಸ’ ಎಂದು ಹೇಳಿದರೆ, ಆ ಮಕ್ಕಳಿಗೆ ಹೆಮ್ಮೆಯ ಜತೆಗೆ ವಿನಯವೂ ಬಂದೀತು. ಹೊರಗಿನಿಂದ ಬಂದದ್ದು ಇಲ್ಲಿಯ ಸೂರಾಗಬಲ್ಲುದೆಂಬ ಧೈರ್ಯವೂ ಬಂದೀತು.

ಸಂಘದ ಮುಂದೆ ನಮ್ಮದೊಂದು ವಿನಂತಿ. ಆಗಬೋಟಿನಲ್ಲಿ ಬಂದವರನ್ನು, ಹೆಂಚಿನ ಕಾರ್ಖಾನೆಯಲ್ಲಿ ದುಡಿದವರನ್ನು, ಮಂಜಿಯ ಮೇಲೆ ಹೋದವರನ್ನು ಕಣ್ಣಾರೆ ಕಂಡು ಅವರ ಬಾಯಿಂದ ಕೇಳಿದ ಹಿರಿಯರು ನಮ್ಮ ಕುಟುಂಬಗಳಲ್ಲಿ ಇನ್ನೂ ಕೆಲವರಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ, ಹೊರಟ ಊರು, ಹತ್ತಿದ ಬಂದರು, ಇಳಿದ ವರ್ಷ, ಮೊದಲು ಸಿಕ್ಕಿದ ಕೆಲಸ, ಜತೆಗೆ ಬಂದವರ ಹೆಸರು ಇಷ್ಟನ್ನಾದರೂ ಬರೆದಿಟ್ಟುಕೊಳ್ಳೋಣ. ಒಂದು ನೋಟುಬುಕ್ಕು, ಒಂದು ಲೇಖನಿ, ವಾರಕ್ಕೊಂದು ಸಾಯಂಕಾಲ ಸಾಕು. ಹೆಂಚಿಗೆ ಕಡಲು ಕಾವಲಿತ್ತು. ನಮ್ಮವರ ಮಾತಿಗೆ ನಾವಲ್ಲದೆ ಬೇರೆ ಕಾವಲಿಲ್ಲ. ಮುಂದಿನ ನವೆಂಬರದ ಸಂಚಿಕೆಯಲ್ಲಿ ಆ ಹೆಸರುಗಳು ಅಚ್ಚಾಗಲೆಂದು ಹಾರೈಸುತ್ತೇವೆ.